ಕಣ್ಕಟ್ಟು ಹಾಕಿದ ದೀಪಗಳು

“ಆ ಕಾರಿನ ದೀಪ ಮಾತ್ರ ಹತ್ತಿಸ್ಬೇಡ ಕಣಪ್ಪ. ಬೇರೆ ಏನ್ ಬೇಕಾದ್ರೂ ರಿಪೇರಿ ಮಾಡ್ಕೊ.”

ಸಂತೆಗೆ ಹೊರಟಿದ್ದ ಅಮ್ಮಯಮ್ಮ ಸೊಪ್ಪಿನ ಪುಟ್ಟಿಯನ್ನು ಕಂಕುಳಿಗೆ ಒತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಮುನಿವೆಂಕಟಪ್ಪ ಬಾನೆಟ್ಟಿನೊಳಗಿಂದ ತಲೆಯೆತ್ತಲಿಲ್ಲ. ಯುದ್ಧ ನಡೆದಷ್ಟು ಕಾಲ ಬೆಂಗಳೂರಿನ ದಂಡಿನಲ್ಲಿ ಮಿಲಿಟರಿ ಲಾರಿಗಳ ಕರೆಂಟು ಕೆಲಸ ಮಾಡಿ, ಅದು ಮುಗಿದ ಮೇಲೆ ಹೊಸಕೋಟೆಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡವನು ಅವನು. ಜಡಿಗೇನಹಳ್ಳಿಗೆ ಬಂದದ್ದು ಅದೇ ಮೊದಲು. ಪಟೇಲ ಗೋಪಾಲಪ್ಪ ಹೇಳಿಕಳಿಸಿದ್ದ. ಸತ್ತುಹೋದ ಅಣ್ಣ ಅಪ್ಪಯ್ಯಣ್ಣನ ಕಾರು ವರ್ಷಗಟ್ಟಲೆ ಕೊಟ್ಟಿಗೆಯಲ್ಲೇ ನಿಂತಿದೆ. ಇಂಜಿನ್ ಓಡುತ್ತದೆ, ದೀಪ ಹತ್ತುವುದಿಲ್ಲ.

“ಯಾಕಜ್ಜಿ, ಹತ್ತಿಸಿದ್ರೆ ದೆವ್ವ ಬರ್ತದಾ?”

“ದೆವ್ವ ಬರಲ್ಲ. ಮನುಷ್ಯರು ಕಾಣಲ್ಲ, ದನಾನೂ ಕಾಣಲ್ಲ.”

ಆಗ ಅವನು ತಲೆಯೆತ್ತಿದ. ಅಮ್ಮಯಮ್ಮ ಕಾರನ್ನು ನೋಡದೆ, ನೆಲ ನೋಡುತ್ತ ಹೇಳಿದಳು. ಒಂದು ಮುಸ್ಸಂಜೆ ಕರು ಹೊಡಕೊಂಡು ಬರುತ್ತಿದ್ದ ಅವಳ ಮಗಳ ಮೇಲೆ ಅಪ್ಪಯ್ಯಣ್ಣ ಕಾರು ಹರಿಸಿದ್ದ. ಪಂಚಾಯ್ತಿಯಲ್ಲಿ, ‘ನನ್ನ ಕಣ್ಣಿಗೆ ಕಾಣಲೇ ಇಲ್ಲ’ ಎಂದು ಒಂದು ಮಾತು ಹೇಳಿ ಮನೆಗೆ ಹೋಗಿ ಉಂಡು ಮಲಗಿದ್ದ.

“ಮಗು ಬಿದ್ದ ಜಾಗದ ಮಣ್ಣು, ಅದರ ತಲೆಕೂದ್ಲು ತಗೊಂಡು ಮಂತ್ರವಾದಿ ಹತ್ರ ಹೋದೆ. ಅವನು ಸುಟ್ಟು ಕಾಡಿಗೆ ಮಾಡ್ಕೊಟ್ಟ. ಗಾಜು ತೆಗೆದು ದೀಪದೊಳಕ್ಕೆ ಬಳಿದೋಳು ನಾನೇ. ಕಾಣಲಿಲ್ಲ ಅಂದ್ನಲ್ಲ, ಹಂಗೇ ಆಗ್ಲಿ ಅಂದೆ.” ಅವಳು ಪುಟ್ಟಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. “ಅಪ್ಪ ಬಂದ ಅಂತ ಬಾಗಿಲಿಗೆ ಓಡಿಬಂದ ಅವನ ಸ್ವಂತ ಮಗ ಅವನಿಗೆ ಕಾಣಲಿಲ್ಲ. ಆಮೇಲೆ ಆ ವೈರೆಲ್ಲ ಅವನೇ ಕುಯ್ದ. ಜಾಸ್ತಿ ದಿನ ಬದುಕ್ಲಿಲ್ಲ. ಮಂತ್ರವಾದೀನೂ ಸತ್ತ. ಕಟ್ಟಿದ್ದು ಹಂಗೇ ಉಳ್ಕಂತು, ಬಿಚ್ಚೋರಿಲ್ಲ.”

“ವೈರು ಕುಯ್ದ್ರೆ ದೀಪ ಹತ್ತಲ್ಲ ಕಣಜ್ಜಿ. ಅದಕ್ಕೆ ಮಂತ್ರ ಯಾಕೆ, ಕುಡುಗೋಲು ಸಾಕು,” ಎಂದು ನಕ್ಕ ಮುನಿವೆಂಕಟಪ್ಪ. ಅವಳು ನಗಲಿಲ್ಲ. ಸಂತೆಯ ದಾರಿ ಹಿಡಿದಳು.

ಕೊಟ್ಟಿಗೆಯಲ್ಲಿ ಹಳೆಯ ಗೋಣಿಯ, ಇಲಿಹಿಕ್ಕೆಯ, ಹಳಸಿದ ಪೆಟ್ರೋಲಿನ ವಾಸನೆ ಕಟ್ಟಿಕೊಂಡಿತ್ತು. ಅವನು ಹೊಸಕೋಟೆಯಿಂದ ತಂದಿದ್ದ ಬ್ಯಾಟರಿ ಕೂರಿಸಿ ಹಾರನ್ ಒತ್ತಿದ. ಹಾರನ್ ಕೂಗಿತು. ಸರಿ, ಇಲ್ಲಿಯವರೆಗೆ ಕರೆಂಟು ಬರುತ್ತಿದೆ. ಬಲ್ಬಿಗೆ ಎರಡು ತಂತಿ ಕಟ್ಟಿದ ತನ್ನ ಪರೀಕ್ಷೆಯ ದೀಪವನ್ನು ಒಂದೊಂದೇ ಜಾಗಕ್ಕೆ ತಾಗಿಸುತ್ತ ಹೋದ. ಫ್ಯೂಸಿನಲ್ಲಿ ಹತ್ತಿತು. ಸ್ವಿಚ್ಚಿನ ಆಚೆ ಹತ್ತಲಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಸುಟ್ಟು ಕರಕಲು. ಡ್ಯಾಶಿನ ಹಿಂದೆ ವೈರುಗಳು ತುಂಡಾಗಿದ್ದವು. ಇಲಿ ಕಡಿದದ್ದಲ್ಲ, ನೇರವಾಗಿ ಕುಯ್ದದ್ದು. ಮುದುಕಿ ಹೇಳಿದ್ದರಲ್ಲಿ ಅಷ್ಟಂತೂ ನಿಜ. ದೀಪ ಕೂರುವ ಕಬ್ಬಿಣ ತುಕ್ಕು ಹಿಡಿದು, ಕರೆಂಟು ವಾಪಸು ಹೋಗುವ ಅರ್ತ್ ಸಿಗುತ್ತಿರಲಿಲ್ಲ. ಬಿಳಿ ಲೋಹ ಕಾಣುವ ತನಕ ಅದನ್ನು ಉಜ್ಜಿದ.

ಆಮೇಲೆ ದೀಪದ ಗಾಜು ತೆಗೆದ. ಒಳಗೆ ಬೆಳಕು ಚೆಲ್ಲುವ ಬೆಳ್ಳಿಬಟ್ಟಲಿಗೆ ಕಪ್ಪು ಮೆತ್ತಿತ್ತು. ಯುದ್ಧಕಾಲದಲ್ಲಿ ವಿಮಾನದ ಭಯಕ್ಕೆ ದೀಪಗಳಿಗೆ ಕಪ್ಪು ಬಳಿಸುತ್ತಿದ್ದರಲ್ಲ, ಅದೇ ಇರಬೇಕು ಅಂದುಕೊಂಡು ಬಟ್ಟೆಗೆ ಪೆಟ್ರೋಲ್ ಹಾಕಿ ಒರೆಸಿದ. ಕೂದಲು ಸುಟ್ಟ ನಾತ ಗಪ್ಪನೆ ಎದ್ದಿತು. ಬೆಳ್ಳಿ ಫಳಫಳ ಹೊಳೆಯಿತು. ಆ ಹೊಳಪಿನಲ್ಲಿ ಹಿಂದಿನ ಗೋಡೆ, ಗೂಟ, ನೇತುಹಾಕಿದ ನೊಗ ಎಲ್ಲವೂ ಕಂಡವು. ಬಗ್ಗಿ ನೋಡುತ್ತಿದ್ದ ಅವನ ಮುಖ ಕಾಣಲಿಲ್ಲ. ಬಾಗಿದ ಕನ್ನಡಿ ಹಾಗೇ ಎಂದು ಗಾಜು ಮುಚ್ಚಿದ. ಇನ್ನೊಂದು ದೀಪವನ್ನೂ ಹಾಗೇ ಒರೆಸಿದ.

ಹೊಸ ಸ್ವಿಚ್ಚು ಕೈಲಿರಲಿಲ್ಲ. ಬ್ಯಾಟರಿಯಿಂದ ದೀಪಕ್ಕೆ ನೇರವಾಗಿ ತಂತಿ ಎಳೆದು ಬಿಗಿದ. ಎರಡೂ ದೀಪ ಭಗ್ಗನೆ ಹತ್ತಿದವು.

“ಭೇಷ್,” ಎಂದ ಕೆಲಸ ನೋಡಲು ಬಂದಿದ್ದ ಗೋಪಾಲಪ್ಪ, ಎದುರು ಗೋಡೆಯ ಕಡೆಯಿಂದ. ಮುನಿವೆಂಕಟಪ್ಪ ನೋಡಿದ. ಬೆಳಗಿದ ಗೋಡೆ ಬರಿದಾಗಿತ್ತು. ಮರುಗಳಿಗೆ ಬೆಳಕಿನ ಪಕ್ಕದಿಂದ ಗೋಪಾಲಪ್ಪ ಹಲ್ಲು ಕಿರಿಯುತ್ತ ಬಂದ. ದೀಪ ನೋಡಿ ಕಣ್ಣು ಕತ್ತಲೆ ಬಂದಿರಬೇಕು.

“ಆರಿಸ್ಬೇಕಾದ್ರೆ ಬಾನೆಟ್ ಎತ್ತಿ ತಂತಿ ಕೀಳ್ಬೇಕು ಗೌಡ್ರೇ. ನಾಳೆ ಸ್ವಿಚ್ ಹಾಕ್ಕೊಡ್ತೀನಿ.”

“ಆರಿಸೋದ್ಯಾಕೆ? ಹತ್ತು, ನಿನ್ನ ಹೊಸಕೋಟೇಲಿ ಬಿಟ್ಟು ಬರ್ತೀನಿ.”

ಹೊತ್ತು ಮುಳುಗಿತ್ತು. ಪಡುವಣದಲ್ಲಿ ಇನ್ನೂ ಚೂರು ಕೆಂಪು ಉಳಿದಿತ್ತು. ಕಾರು ಊರು ದಾಟಿ ಇಳಿಜಾರಿಗೆ ಬಂತು. ಮುಂದೆ ಉದ್ದಕ್ಕೂ ಬೆಳ್ಳಗೆ ಬೆಳಗಿದ ರಸ್ತೆ. ಕಲ್ಲು ಕಂಡಿತು, ಹುಣಿಸೆಮರ ಕಂಡಿತು, ಗಾಡಿಜಾಡು ಕಂಡಿತು. ಒಂದು ನರಪಿಳ್ಳೆಯೂ ಇರಲಿಲ್ಲ.

“ಸಂತೆ ದಿವಸ, ಜನಾನೇ ಇಲ್ಲವಲ್ಲ,” ಎಂದು ಗೋಪಾಲಪ್ಪ ವೇಗ ಹೆಚ್ಚಿಸಿದ.

ಮುನಿವೆಂಕಟಪ್ಪನಿಗೆ ಬೀಡಿಯ ವಾಸನೆ ಬಂತು. ಕಿವಿಗೊಟ್ಟ. ಯಾರೋ ಕೆಮ್ಮಿದರು. ಎತ್ತಿನ ಗಂಟೆ. ಹೆಂಗಸರ ಮಾತು. ಎಳೆಗೂಸಿನ ಅಳು. ಎಲ್ಲವೂ ಎದುರಿನಿಂದ, ಆ ಬರಿದಾದ ಬೆಳಕಿನೊಳಗಿಂದ ಬರುತ್ತಿತ್ತು. ಬೆಳಕಿನ ಅಂಚಿನಲ್ಲಿ ಒಂದು ಎತ್ತಿನ ಹಿಂಭಾಗ ಮಾತ್ರ ನಡೆಯುತ್ತಿತ್ತು. ಬಾಲ, ತೊಡೆ, ಎರಡು ಕಾಲು. ಬೆಳಕು ಬಿದ್ದ ಮುಂಭಾಗವಿರಲಿಲ್ಲ.

“ನಿಲ್ಸಿ ಗೌಡ್ರೇ. ಜನ ಇದಾರೆ.”

“ಎಲ್ಲಿ?”

“ನಿಲ್ಸಿ.”

ಅವನ ದನಿ ಕೇಳಿ ಗೋಪಾಲಪ್ಪ ಬ್ರೇಕು ತುಳಿದ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕು. ಹಿಡಿಯಲಿಲ್ಲ. ಕಾರು ಇಳಿಜಾರಿನಲ್ಲಿ ಜಾರಿತು.

ಆಗ ಮುನಿವೆಂಕಟಪ್ಪನಿಗೆ ಭಯಕ್ಕಿಂತ ಸಿಟ್ಟು ಬಂತು. ತಾನು ಹತ್ತಿಸಿದ ದೀಪ ತನ್ನ ಮಾತು ಕೇಳದೆ ಯಾವನೋ ಸತ್ತ ಮಂತ್ರವಾದಿಯ ಮಾತು ಕೇಳುವುದೇ? ಸ್ಪ್ಯಾನರ್ ಹಿಡಿದು ಬಾಗಿಲು ತೆರೆದ. ಫುಟ್‌ಬೋರ್ಡಿಗೆ ಇಳಿದ. ಮಡ್‌ಗಾರ್ಡಿನ ಮೇಲೆ ಹೊಟ್ಟೆ ಹಾಕಿ ತೆವಳಿದ. ಎಡದ ದೀಪಕ್ಕೆ ಬೀಸಿದ. ಗಾಜು ಸಿಡಿಯಿತು. ಸ್ಪ್ಯಾನರ್ ಹಾರಿಹೋಯಿತು.

ಬೆಳಕು ಆರಿದ ರಸ್ತೆಯ ಎಡಭಾಗ ಮುಸ್ಸಂಜೆಯಲ್ಲಿ ಜನರಿಂದ ತುಂಬಿಹೋಯಿತು. ಬುಟ್ಟಿ ಹೊತ್ತವರು. ಮಗು ಎತ್ತಿಕೊಂಡವರು. ಅವರನ್ನು ಕಂಡ ಗೋಪಾಲಪ್ಪ ಚೀರಿ ಸ್ಟೇರಿಂಗನ್ನು ಬಲಕ್ಕೆ ಎಳೆದ. ಬಲಕ್ಕೆ, ಯಾರೂ ಕಾಣದ ಕಡೆಗೆ. ಅಲ್ಲಿಂದ ಕೂಗು ಎದ್ದಿತು.

ಮುನಿವೆಂಕಟಪ್ಪನ ಕೈಯಲ್ಲಿ ಏನೂ ಇರಲಿಲ್ಲ. ರೇಡಿಯೇಟರಿನ ಮೇಲೆ ಅಡ್ಡಬಿದ್ದ. ಬಲಗೈ ಮುಷ್ಟಿ ಕಟ್ಟಿದ. ಉರಿಯುವ ಗಾಜಿಗೆ ಗುದ್ದಿದ. ಒಮ್ಮೆ. ಮತ್ತೊಮ್ಮೆ. ಕೈ ಒಳಗೆ ಹೋಯಿತು. ಬಲ್ಬು ಹಿಡಿದ. ಚರ್ಮ ಸುಟ್ಟಿತು. ಹಿಸುಕಿದ. ಬೆಳಕು ಸತ್ತಿತು.

“ಎಡಕ್ಕೆ, ನಡುವಿಗೆ,” ಎಂದು ಅರಚಿದ.

ಕಾರು ಹೊರಳಿ ಎರಡು ಗುಂಪಿನ ನಡುವೆ ನುಗ್ಗಿ, ರಾಗಿಹೊಲದ ಬದುವಿಗೆ ಮೂತಿ ಕೊಟ್ಟು ನಿಂತಿತು. ಬಂಪರಿನಿಂದ ಒಂದು ಗೇಣು ಆಚೆ, ಖಾಲಿ ಪುಟ್ಟಿ ಹಿಡಿದು ಅಮ್ಮಯಮ್ಮ ನಿಂತಿದ್ದಳು.

“ಕಾಣಲೇ ಇಲ್ಲ ಕಣಮ್ಮ,” ಎಂದ ಗೋಪಾಲಪ್ಪ. ಅಮ್ಮಯಮ್ಮ ಅವನತ್ತ ತಿರುಗಲಿಲ್ಲ. ಮುನಿವೆಂಕಟಪ್ಪನನ್ನು ಕೇಳಿದಳು.

“ನಾನು ನಿನಗೆ ಕಂಡ್ನಾ?”

“ಈಗ ಕಂಡೆ.”

ಅವಳು ಸೆರಗು ಹರಿದು ಆ ಬಲಗೈಗೆ ಸುತ್ತಿದಳು. ಬೆಳ್ಳಿಬಟ್ಟಲಿನಲ್ಲಿ ಒರೆಸಿದರೂ ಉಳಿದಿದ್ದ ಕಾಡಿಗೆ ಅವನ ಗಾಯದೊಳಗೆಲ್ಲ ಮೆತ್ತಿತ್ತು.

ಮನೆ ಸೇರಿದಾಗ ಹೆಂಡತಿ ಅಂಜಿನಮ್ಮ ಲಾಂದ್ರ ತಂದು ಬಟ್ಟೆ ಬಿಚ್ಚಿದಳು. ಬಿಚ್ಚುತ್ತ ಹೋದಳು. ಬಟ್ಟೆ ಮುಗಿಯಿತು. ಮಣಿಕಟ್ಟಿನವರೆಗೆ ಕೈ ಇತ್ತು. ಆಚೆ ಏನೂ ಇರಲಿಲ್ಲ. ಅವಳು ತಡವಿ ನೋಡಿದಳು. ಬಿಸಿಯಾದ ಐದು ಬೆರಳು ಅವಳ ಬೆರಳನ್ನು ಹಿಡಿದುಕೊಂಡವು.

ಬೆಳಿಗ್ಗೆ ಬಿಸಿಲಲ್ಲಿ ಕೈ ಸರಿಯಾಗಿಯೇ ಕಂಡಿತು. ಸಂಜೆ ದೀಪ ಹಚ್ಚಿದಾಗ ಮತ್ತೆ ಇರಲಿಲ್ಲ. ಬೇರೆ ಮಂತ್ರವಾದಿಯ ಹತ್ತಿರ ಹೋಗೋಣವೆಂದು ಅಂಜಿನಮ್ಮ ಗೋಗರೆದಳು.

“ಯಾರ ಕಾಲಿಗೂ ಬೀಳಲ್ಲ. ಇಷ್ಟು ಜೀವ ಉಳ್ಸಿದ ಕೈ ಇದು. ಇದಕ್ಕೆ ನಾನ್ಯಾಕೆ ನಾಚ್ಕೊಳ್ಲಿ?”

ಗಾಯ ಮಾಗಿತು. ಅವನು ಹೊತ್ತಿರುವಾಗಲೇ ಕೆಲಸ ಮುಗಿಸಿ ಶೆಡ್ಡು ಮುಚ್ಚತೊಡಗಿದ. ಒಂದು ಸಂಜೆ ಮಡಿಲಲ್ಲಿ ಕೂತ ಪುಟ್ಟ ಮಗಳಿಗೆ ಮುದ್ದೆ ಮುರಿದು ಸಾರಿಗದ್ದಿ ತುತ್ತು ಎತ್ತಿದ. ಲಾಂದ್ರದ ಬೆಳಕಿನಲ್ಲಿ ತುತ್ತು ತಾನೇ ಗಾಳಿಯಲ್ಲಿ ತೇಲಿಬಂತು. ಮಗು ಬಾಯಿ ಬಿಗಿದು ಅಮ್ಮನತ್ತ ಹೊರಳಿತು.

ಅವನು ಎಡಗೈ ಚಾಚಿ ಲಾಂದ್ರ ಹತ್ತಿರಕ್ಕೆ ಎಳೆದು, ಊದಿ ಆರಿಸಿದ. ಮನೆಯೆಲ್ಲ ಕಪ್ಪಾಯಿತು.

“ಈಗ ಆ ಅನ್ನು ಮಗ,” ಎಂದ.

ಕತ್ತಲಲ್ಲಿ ಬೆರಳ ತುದಿಗೆ ಮಗುವಿನ ಬೆಚ್ಚನೆಯ ಉಸಿರು ತಾಗಿತು, ಪುಟ್ಟ ಹಲ್ಲುಗಳು ತಾಗಿದವು.