ಯಾರೂ ಹತ್ತದ ಕಾರು

"ಏಳ್ರೀ! ಮುಂದಿನ ಸೀಟು ಆಫೀಸಿನವರಿಗೆ. ಪ್ಯಾಕಿಂಗ್‌ನವರು ಹಿಂದೆ."

ಜೊವಿಟಾ ತಲೆಯೆತ್ತಿದಳು. ಕಂಪೆನಿ ಬಸ್ಸಿನ ಉಸ್ತುವಾರಿ ನೋಡಿಕೊಳ್ಳುವ ಕಿಶನ್! ಮೈಸೂರಿನವನು. ದನಿ ಗಡಸು... ಆದರೆ ಕಣ್ಣು ಮಾತ್ರ ನೆಲ ನೋಡುತ್ತಿತ್ತು.

"ಇಲ್ಲಿ ಸೀಟು ಖಾಲಿ ಉಂಟಲ್ಲ ಮಾರಾಯ್ರೆ? ಹಿಂದೆ ಎಸಿ ಇಲ್ಲ. ನಿನ್ನೆ ನಮ್ಮ ಪ್ಯಾಕಿಂಗ್‌ನ ಕ್ಯಾರೋಲಿನ್ ತಲೆ ತಿರುಗಿ ಬಿದ್ದದ್ದು ಕಾಣಲಿಲ್ವಾ?"

"ರೂಲ್ಸು ನಾನು ಮಾಡಿದ್ದಲ್ಲ ಕಣ್ರೀ..."

"ಹಾಗಾದ್ರೆ ನಡ್ಕೊಂಡೇ ಹೋಗ್ತೇನೆ!"

ಇಳಿದೇಬಿಟ್ಟಳು! ಅಲ್ ಖೌದ್‌ನಿಂದ ರುಸೈಲ್‌ನ ಫ್ಯಾಕ್ಟರಿಗೆ, ಆ ಗಲ್ಫ್ ಬಿಸಿಲಿನಲ್ಲಿ! ಸಿಟ್ಟಿಗೆ ದಾರಿಯ ಉದ್ದ ಎಲ್ಲಿ ಗೊತ್ತು? ಅರ್ಧಕ್ಕೇ ಟ್ಯಾಕ್ಸಿ ಹಿಡಿದಳೆನ್ನಿ.

ಆದರೆ ಎದೆಯಲ್ಲಿ ಅಳುಕು. 'ಕೆಲಸ ಹೋದರೆ ವೀಸಾ ಹೋಯಿತು. ಉಡುಪಿಯಲ್ಲಿ ಅಮ್ಮನ ಔಷಧಿ...?'

ಅವಳು ಬಾಡಿಗೆಗಿದ್ದ ಕೋಣೆ ರೋಸ್ ಬಾಯಿಯ ಫ್ಲಾಟಿನಲ್ಲಿತ್ತು. ಸಂಜೆ ಕಥೆ ಕೇಳಿ ಅವರ ಮಗಳು ಕ್ರಿಸ್ಟಲ್ ಕುಣಿದಳು. "ಆಂಟೀ, ಸೇಮ್ ಸ್ಟೋರಿ! ನಮ್ಮ ಪಾಠದಲ್ಲಿದೆ!"

ಅಮೆರಿಕದ ಒಂದು ಊರಿನಲ್ಲಿ ಕಪ್ಪು ಜನರಿಗೆ ಬಸ್ಸಿನ ಹಿಂಬದಿಯೇ ಗತಿಯಾಗಿತ್ತು. ಅವರು ಕಲ್ಲೆಸೆಯಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಹತ್ತಲಿಲ್ಲ, ಅಷ್ಟೆ! ನಡೆದರು. ಕಾರಿದ್ದವರು ಇಲ್ಲದವರನ್ನು ಕರೆದೊಯ್ದರು. ಕೊನೆಗೆ ಕಾನೂನೇ ಬದಲಾಯಿತು.

"ನಮ್ಮ ಇಗರ್ಜಿಯವರಲ್ಲಿ ಕಾರಿಲ್ವಾ?" ಎಂದರು ರೋಸ್ ಬಾಯಿ. ರಜಾದಿನ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಯುತ್ತಲೇ ಒಬ್ಬೊಬ್ಬರನ್ನೇ ಹಿಡಿದು ಕೇಳಿದರು.

ವಾರದ ಮೊದಲ ಕೆಲಸದ ದಿನ, ಭಾನುವಾರ, ಬಸ್ಸು ಹೆಚ್ಚುಕಡಿಮೆ ಖಾಲಿ ಹೋಯಿತು! ಪ್ಯಾಕಿಂಗ್ ಹೆಂಗಸರೆಲ್ಲ ಕಾರುಗಳಲ್ಲಿ.

ಆದರೆ ಕಾರುಗಳ ಸಾಲಿನ ತುದಿಯಲ್ಲಿ, ತನ್ನ ಕಾರಿನ ಪಕ್ಕ ಕಿಶನ್! ದಿನವೂ ಬಂದು ನಿಲ್ಲುತ್ತಿದ್ದ. ಕೈಯೆತ್ತಿದರೆ ಎಲ್ಲರೂ ಮುಖ ತಿರುಗಿಸುತ್ತಿದ್ದರು.

"ಯಾರ್ಯಾರು ಬಸ್ಸು ಬಿಟ್ಟರು ಅಂತ ನೋಡ್ಲಿಕ್ಕೆ ಬಂದದ್ದು, ಚಾಡಿಕೋರ!" ಎಂದಳು ಜೊವಿಟಾ.

'ಆದರೂ ಆ ತಗ್ಗಿದ ಕಣ್ಣು ನನಗೇಕೆ ನೆನಪಾಗುತ್ತದೆ? ಛೇ!'

ವಾರ ಕಳೆಯಿತು. ಮ್ಯಾನೇಜರ್ ಬಾಲಸುಬ್ರಹ್ಮಣ್ಯ ಕರೆಸಿದರು. 'ಮುಗಿಯಿತು... ಅವನು ಹೇಳಿಯೇಬಿಟ್ಟ!'

"ಕೂತ್ಕೊಳಮ್ಮ. ನಾಳೆಯಿಂದ ಮೊದಲು ಬಂದವರು ಮುಂದೆ. ಹಿಂದಿನ ಎಸಿನೂ ರಿಪೇರಿ. ಖಲಾಸ್! ಖಾಲಿ ಬಸ್ಸು ನೋಡಿ ಮಾಲೀಕರೇ ಕೇಳಿದ್ರು. ಅದರ ಮೇಲೆ ಆ ಕಿಶನ್ ಕಾಟ ಬೇರೆ. 'ಹೆಣ್ಣುಮಕ್ಕಳನ್ನ ಎಬ್ಬಿಸೋ ಕೆಲಸ ನಂಗೆ ಬೇಡ, ಬೇರೆಯವರನ್ನ ನೋಡ್ಕೊಳ್ಳಿ' ಅಂತ ದಿನಾ ಬಂದು ನಿಲ್ತಿದ್ದ!"

ಜೊವಿಟಾ ಹೊರಗೆ ಓಡಿದಳು. ಕಿಶನ್ ಕಾರಿಗೆ ಒರಗಿ ನಿಂತಿದ್ದ.

"ಹಾಗಾದ್ರೆ ದಿನಾ ಕಾರು ತಂದು ನಿಂತದ್ದು ಎಂತಕ್ಕೆ?"

"ನಿಮ್ಮನ್ನೆಲ್ಲ ಕರ್ಕೊಂಡು ಬರೋಕೆ ಕಣ್ರೀ! ಒಬ್ಬರೂ ಹತ್ತಲಿಲ್ಲ. ಖಾಲಿ ಕಾರಲ್ಲಿ ಒಬ್ಬನೇ ಬಂದೆ."

ಅವಳಿಗೆ ನಗು, ಅಳು ಒಟ್ಟೊಟ್ಟಿಗೆ!

"ಹೇಳ್ಲಿಕ್ಕೆ ಬಾಯಿ ಇರಲಿಲ್ವಾ?"

"ನೀವು ಎದುರಿಗೆ ಬಂದ್ರೆ ಇರಲ್ಲ... ಆವತ್ತು ಎಬ್ಬಿಸಿದ್ದು ತಪ್ಪಾಯ್ತು. ನೀವು ಇಳಿದು ಹೋದ್ರಲ್ಲ, ಆವತ್ತಿಂದ ನನ್ನ ಮನಸ್ಸೂ ನಿಮ್ಮ ಹಿಂದೇನೇ..."

"ಮದುವೆಯಾದ ಮೇಲೂ ನಾನು ಎದುರು ಮಾತಾಡುವವಳೇ, ಗೊತ್ತುಂಟಾ?"

"ಮದುವೆ ಅಂದ್ರಾ?!"

ಜೊವಿಟಾ ನಾಲಿಗೆ ಕಚ್ಚಿಕೊಂಡಳು. "ಮೊದಲು ನಮ್ಮ ಮನೆಯ ರೋಸ್ ಬಾಯಿಯ ಹತ್ರ ಬಂದು ಮಾತಾಡಿ, ಇಲ್ಲಿ ನನಗೆ ಅಮ್ಮನ ಹಾಗೆ ಅವರು. ಬೈತಾರೆ. ಕೇಳ್ಕೊಳ್ಬೇಕು."

"ಎಷ್ಟು ಬೈದ್ರೂ ಸರಿ... ಈಗ್ಲೇ ಹೋಗೋಣ್ವಾ?"

"ಯಲ್ಲಾ, ಹೊರಡುವ!" ಎಂದಳು ಜೊವಿಟಾ.