ಶಿಕಾಗೋಗೆ ಹೋಗದ ಫೋಟೋ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಗ್ಗೆ ಫೋಟೋಗ್ರಾಫರ್ ಓರಿನ್ ಪೆಲ್ ಸ್ಟುಡಿಯೋ ಬಾಗಿಲು ತೆಗೆದ. ಹಿಂದಿನ ಕಿಟಕಿ ಒಡೆದಿತ್ತು. ಕ್ಯಾಮೆರಾ ಇತ್ತು, ಗಲ್ಲಾಪೆಟ್ಟಿಗೆ ಇತ್ತು. ಪುಡಿಯಾಗಿದ್ದದ್ದು ಒಂದೇ: ವಿಲ್ಮಾಂಟ್ ಕಾಲೇಜಿನ ಫುಟ್‌ಬಾಲ್ ತಂಡದ ಫೋಟೋ ಇದ್ದ ಗಾಜಿನ ಪ್ಲೇಟು.

ಈ ವರ್ಷ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಕೊನೆಯದು ಅಂದೇ ಮಧ್ಯಾಹ್ನ. ಫೋಟೋ ಮರುದಿನ ಶಿಕಾಗೋ ಪತ್ರಿಕೆಯಲ್ಲಿ ಬರಬೇಕಿತ್ತು.

ಹಿಂದಿನ ದಿನ ತಂಡದಿಂದ ಹೊರಬಿದ್ದಿದ್ದವನು ವರ್ನನ್ ಕಿಟಲ್. ಪ್ಲೇಟು ಒಡೆದವನು ಅವನೇ ಎಂದುಕೊಂಡ ಕಾಲೇಜಿನ ಡೀನ್ ಅವನ ಮುಖವನ್ನೂ ನೋಡಲಿಲ್ಲ. ಕಾಲೇಜು ಬಿಟ್ಟು ಮಧ್ಯಾಹ್ನದ ರೈಲು ಹತ್ತು ಎಂದು ಹೇಳಿಕಳಿಸಿದರು.

ಊರಿನ ಪತ್ರಿಕೆಯ ವರದಿಗಾರ್ತಿ ಹೆಸ್ಟರ್ ಲುಂಡ್ ಡೀನ್ ಎದುರು ಕುಳಿತಳು.

"ನೋಡಿದ್ದು ಯಾರು?"

"ನಮ್ಮ ತಂಡದ ಫುಲ್‌ಬ್ಯಾಕ್ ಆಟಗಾರ ರಾಯ್ಸ್ ಟ್ಯಾಂಡಿ. ನಿನ್ನೆ ದೀಪ ಹಚ್ಚೋ ಹೊತ್ತಲ್ಲಿ ಕಿಟಲ್ ಆ ಕಿಟಕಿಯಿಂದ ಇಳೀತಿದ್ದನಂತೆ."

"ಮಬ್ಬಲ್ಲಿ ಗುರುತು ಸಿಕ್ತಾ?"

"ಭುಜದ ತನಕ ಕೆಂಪು ಕೂದಲು ಇನ್ಯಾರಿಗಿದೆ, ಮಿಸೆಸ್ ಲುಂಡ್?"

ಸೀಸನ್ ಮುಗಿಯುವವರೆಗೆ ಆಟಗಾರರು ಕೂದಲು ಕತ್ತರಿಸುತ್ತಿರಲಿಲ್ಲ. ಆಗಿನ್ನೂ ಹೆಲ್ಮೆಟ್ ಇರಲಿಲ್ಲ; ತಲೆಗೆ ಪೆಟ್ಟು ಬಿದ್ದರೆ ಅದೇ ಮೆತ್ತೆ.

"ಎದುರಾಳಿಗಳ ಕೆಲಸ ಇರಬಹುದಲ್ಲ?"

"ಅವರು ಊರಿಗೆ ಬಂದಿದ್ದೇ ಇವತ್ತು ಬೆಳಗ್ಗೆ."

*

ಕಿಟಲ್ ಪೆಟ್ಟಿಗೆ ಕಟ್ಟುತ್ತಿದ್ದ. ಹೆಸ್ಟರ್ ಬಾಗಿಲಲ್ಲೇ ನಿಂತಳು. ಅವನ ತಲೆ ಬೋಳು.

"ಯಾವಾಗ ತೆಗೆಸಿದೆ?"

"ನಿನ್ನೆ ಕೋಚ್ ಬೇಡ ಅಂದ ತಕ್ಷಣ. ತಂಡದಲ್ಲಿ ಇಲ್ಲದೋನು ಉದ್ದ ಕೂದಲು ಬಿಟ್ಕೊಂಡು ಓಡಾಡಬಾರದು, ಮೇಡಂ. ಅದು ನಮ್ಮಲ್ಲಿ ನಡ್ಕೊಂಡು ಬಂದಿರೋದು. ಆಮೇಲೆ ನಾಚಿಕೆಯಾಗಿ ಕೋಣೆ ಬಿಟ್ಟು ಬರ್ಲಿಲ್ಲ."

ಕ್ಷೌರದಂಗಡಿಯವನೂ ಅದನ್ನೇ ಹೇಳಿದ. "ಹೌದಮ್ಮ, ಇನ್ನೂ ಬಿಸಿಲಿತ್ತು. ಕತ್ತರಿ ಆಡಿಸೋವಾಗ ಹುಡುಗ ಕಣ್ಣು ಒರೆಸ್ಕೊಳ್ತಿದ್ದ."

ಸ್ಟುಡಿಯೋದಲ್ಲಿ ಪೆಲ್ ಬೈಯುತ್ತಲೇ ಚೂರು ಗುಡಿಸುತ್ತಿದ್ದ. "ಮೊದಲೆರಡು ಪ್ಲೇಟೂ ದಂಡ! ಆ ಟ್ಯಾಂಡಿ ಸರಿಯಾದ ಹೊತ್ತಿಗೆ ತಲೆ ಅಲ್ಲಾಡಿಸಿ ಮುಖ ಮಸುಕು ಮಾಡೋನು. ಮೂರನೇದನ್ನ ಅವರು ನಗ್ತಿದ್ದಾಗ ಹೇಳದೆ ತೆಗೆದೆ. ಅದೇ ಹೋಯ್ತು!"

*

ತಂಡ ಊಟಕ್ಕೆ ಕುಳಿತಿತ್ತು. ಕೋಚ್ ಬಾರ್ಲೋ ಪಕ್ಕ ಡೀನ್ ನಿಂತಿದ್ದರು.

"ರಾಯ್ಸ್," ಎಂದಳು ಹೆಸ್ಟರ್, "ನಿನ್ನೆ ನೋಡಿದ್ದು ಕಿಟಲ್‌ನನ್ನೇ ತಾನೆ?"

"ನೂರಕ್ಕೆ ನೂರು, ಮೇಡಂ. ಕುದುರೆ ಜೂಲಿನ ಹಾಗೆ ಕೂದಲು ಹಾರ್ತಿತ್ತು."

ಹೆಸ್ಟರ್ ಬಾಗಿಲು ತೆರೆದಳು. ಕಿಟಲ್ ಒಳಗೆ ಬಂದ.

"ಏನೋ ಇದು, ಕುರಿ ಉಣ್ಣೆ ತೆಗೆದಂಗೆ ತೆಗೆದವ್ರೆ!" ಯಾರೋ ಒಬ್ಬ ನಕ್ಕ. ಮರುಕ್ಷಣ ನಗು ನಿಂತಿತು.

"ದೀಪ ಹಚ್ಚೋ ಮೊದಲೇ ಆ ಕೂದಲು ಕ್ಷೌರದಂಗಡಿ ನೆಲದ ಮೇಲಿತ್ತು," ಎಂದಳು ಹೆಸ್ಟರ್. "ನೀನು ಇವನನ್ನ ನೋಡಲೇ ಇಲ್ಲ. ಆದ್ರೆ ಕಿಟಕಿ ಒಡೆದದ್ದು ಯಾವ ಹೊತ್ತಲ್ಲಿ ಅಂತ ನಿನಗೆ ಗೊತ್ತಿತ್ತು. ಎರಡು ಸಲ ಮುಖ ತಪ್ಪಿಸಿದೆ. ಮೂರನೇ ಸಲ ಸಿಕ್ಕಿಬಿದ್ದೆ, ಅದಕ್ಕೇ ಪ್ಲೇಟು ಒಡೆದೆ. ಶಿಕಾಗೋದಲ್ಲಿ ಈ ಮುಖಕ್ಕೆ ಯಾವ ಹೆಸರಿದೆ?"

ಟ್ಯಾಂಡಿ ಚಮಚ ಕೆಳಗಿಟ್ಟ.

"ಎರಡು ಹೆಸರಿವೆ. ಬೇರೆ ಬೇರೆ ಹೆಸರಲ್ಲಿ ಅಲ್ಲಿ ಎರಡು ಕಾಲೇಜಿಗೆ ಆಡಿದೀನಿ, ಅದು ನಿಯಮಕ್ಕೆ ವಿರುದ್ಧ. ಫೋಟೋ ಬಂದಿದ್ರೆ ನಿಮ್ಮ ಗೆಲುವೆಲ್ಲ ರದ್ದಾಗ್ತಿತ್ತು."

"ಈಗಲೂ ಆಗುತ್ತೆ," ಎಂದರು ಡೀನ್. "ಏಳು, ಹೊರಗೆ ನಡಿ."

ಟ್ಯಾಂಡಿ ಹೊರಗೆ ಹೋದ. ಡೀನ್ ಕಿಟಲ್ ಕಡೆ ತಿರುಗಿದರು. "ನಿನ್ನನ್ನ ಕರೆಸಿ ಕೇಳಬೇಕಿತ್ತು. ತಪ್ಪಾಯ್ತಪ್ಪ."

ಬಾರ್ಲೋ ಕುರ್ಚಿಯೊಂದನ್ನು ಮುಂದಕ್ಕೆ ತಳ್ಳಿದ. "ಕೂತ್ಕೊಂಡು ತಿನ್ನು. ಆಮೇಲೆ ಬೂಟು ಹಾಕ್ಕೋ."

"ಯಾವ ಜಾಗಕ್ಕೆ, ಕೋಚ್?"

"ಟ್ಯಾಂಡಿ ಬರೋ ಮೊದಲು ನಿಂದು ಯಾವುದಿತ್ತೋ, ಅದಕ್ಕೇ."