ನೋಡದೇ ಮಾಡಿದ ಫೋಟೋ

ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ವಾಯ್ಸ್ ಮೆಸೇಜ್. ಅಷ್ಟುದ್ದದ್ದನ್ನು ಪೂರ್ವಾ ಯಾರಿಗೂ ಕಳಿಸಿದವಳಲ್ಲ. ಕಳಿಸಿದ ಮೇಲೆ ಬಾಟಲಿಯ ತಳದಲ್ಲಿ ಉಳಿದಿದ್ದ ಬಿಸಿಯಾದ ನೀರು ಕುಡಿದು ಮತ್ತೆ ಫೋನ್ ನೋಡಿದಳು. ಮೈಕಿನ ಗುರುತು ನೀಲಿಯಾಗಿತ್ತು. ಕಾಂತೇಶ ಕೇಳಿದ್ದ. ಉತ್ತರ ಮಾತ್ರ ಬರಲಿಲ್ಲ.

ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ.

ಪೂರ್ವಾ ಸೋಲಾಪುರದ ನವೀ ಪೇಟೆಯ ಒಂದು ಫೋಟೋ ಲ್ಯಾಬಿನಲ್ಲಿ ಮದುವೆ ಅಲ್ಬಮ್ ಡಿಸೈನ್ ಮಾಡುತ್ತಿದ್ದಳು. ಮೂವತ್ತಾರು ವಯಸ್ಸು, ಅದರಲ್ಲಿ ಹನ್ನೆರಡು ವರ್ಷ ಇದೇ ಕುರ್ಚಿಯಲ್ಲಿ ಕಳೆದಿದ್ದವು. ಮುಚ್ಚಿದ ಕಣ್ಣು ತೆರೆಸುವುದು, ಮದುವೆಗೆ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ನಿಲ್ಲಿಸುವುದು, ಸೆಖೆಯಲ್ಲಿ ಬೆವೆತ ಜೋಡಿಯ ಹಿಂದೆ ಹಿಮದ ಬೆಟ್ಟ ಇಡುವುದು, ಇವೆಲ್ಲ ಅವಳ ಕೆಲಸ. ಈ ವರ್ಷದ ಮದುವೆ ಸೀಝನ್ ಮುಗಿಯುವ ಹೊತ್ತಿಗೆ ಬಲಗೈ ಮಣಿಕಟ್ಟು ಮೌಸ್ ಹಿಡಿದರೆ ಉರಿಯುತ್ತಿತ್ತು. ಡಾಕ್ಟರರು ಪಟ್ಟಿ ಕಟ್ಟಿ, ಎಂಟು ದಿನ ಕಂಪ್ಯೂಟರ್ ಮುಟ್ಟಬೇಡಿ ಎಂದಿದ್ದರು. ಅವಳು ಪಟ್ಟಿ ಕಟ್ಟಿಕೊಂಡೇ ಕೆಲಸ ಮಾಡಿದಳು.

ಕಾಂತೇಶ ವಾಗದರಿಯವನು, ಅಕ್ಕಲಕೋಟದಲ್ಲಿ ಸ್ಟುಡಿಯೋ ಇಟ್ಟಿದ್ದ. ಆರು ವರ್ಷದಿಂದ ಅವನು ಫೋಟೋ ಕಳಿಸುತ್ತಿದ್ದ, ಇವಳು ಅಲ್ಬಮ್ ಮಾಡುತ್ತಿದ್ದಳು. ತಯಾರಾದ ಅಲ್ಬಮ್ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಪಾರ್ಸಲ್ ಹೋಗುತ್ತಿತ್ತು. ಇಬ್ಬರೂ ಒಮ್ಮೆಯೂ ಎದುರಾಗಿರಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತ ಪೂರ್ವಾಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ತೊಡಕಾಗುತ್ತಿತ್ತು. ಹಾಗಾಗಿ ಕರೆಕ್ಷನ್ ಎಲ್ಲ ದನಿಯಲ್ಲೇ ಬರುತ್ತಿದ್ದವು.

"ಮೇಡಂ, ಹದಿನಾಲ್ಕನೇ ಪೇಜಿನ್ಯಾಗ ಮದುಮಗನ ಅವ್ವನ ಫೋಟೋ ಸಣ್ಣದಾಗ್ಯದಂತ. ಸಿಟ್ಟು ಮಾಡ್ಯಾರ. ಜರಾ ದೊಡ್ಡದು ಮಾಡ್ರಿ, ಇಲ್ಲಂದ್ರ ನನಗ ಜಿಲೇಬಿ ಸಿಗಂಗಿಲ್ಲ."

ಕೆಲಸದ ಮಾತಿನ ಬಾಲಕ್ಕೆ ಹೀಗೇನಾದರೂ ಅಂಟಿಕೊಂಡು ಬರುತ್ತಿತ್ತು. ಮಂಟಪದಲ್ಲಿ ಮಲಗಿದ ನಾಯಿಯ ಸುದ್ದಿ, ತಡವಳದ ರಸ್ತೆಯಲ್ಲಿ ಪಂಕ್ಚರಾದ ಬೈಕಿನ ಸುದ್ದಿ. ಕೆಲಸದ ಮಾತನ್ನು ಅವಳು ಒಮ್ಮೆ ಕೇಳುತ್ತಿದ್ದಳು. ಬಾಲವನ್ನು ಬಸ್ಸಿಗೆ ಕಾಯುತ್ತ ಇನ್ನೊಮ್ಮೆ ಕೇಳುತ್ತಿದ್ದಳು.

ಅಂಥವನು ಒಂದು ದಿನ ತಾನೇ ಮಾಡಿದ ಒಂದು ಕಾಂಪೋಸಿಟ್ ಫೋಟೋ ಕಳಿಸಿದ್ದ. ಹಲವು ಫೋಟೋಗಳ ತುಂಡು ಸೇರಿಸಿ ಮಾಡಿದ ಒಂದೇ ಚಿತ್ರ. ಸಂಜೆಯ ಆಕಾಶ, ಕಬ್ಬಿನ ಹೊಲ, ನಡುವೆ ಬೆನ್ನು ತಿರುಗಿಸಿ ನಿಂತ ಹೆಂಗಸು. ಅವಳ ಒಂದು ಕೈ ಹಿಂದಕ್ಕೆ ಚಾಚಿತ್ತು, ಯಾರನ್ನೋ ಕರೆಯುವಂತೆ.

"ಸೋಲಾಪುರದಾಗ ಪ್ರದರ್ಶನ ಅದ ಮೇಡಂ. ಕಳಸಬೇಕಂತೀನಿ. ಖರೇ ಖರೇ ಹೇಳ್ರಿ. ಛಲೋ ಅದ ಅಂತ ಮಾತ್ರ ಅನಬ್ಯಾಡ್ರಿ, ಅದನ್ನ ಎಲ್ಲಾರೂ ಅಂತಾರ."

ಅವತ್ತು ಪೂರ್ವಾ ಒಂದೇ ಮದುಮಗಳನ್ನು ಏಳನೇ ಸಲ ಬೆಳ್ಳಗೆ ಮಾಡುತ್ತಿದ್ದಳು. ಕೈ ಉರಿಯುತ್ತಿತ್ತು. ಫೋನ್ ಬಾಯಿಯ ಹತ್ತಿರ ಹಿಡಿದು ನಾಲ್ಕು ನಿಮಿಷ ಹೇಳಿಬಿಟ್ಟಳು.

"ಸರ್, ಆಕಾಶ ಸಂಜೀದು, ಬೆಳಕು ಎಡಕಿನಿಂದ ಬರ್ತದ. ಹೆಣ್ಮಗಳ ಭುಜದ ಮ್ಯಾಲ ಬಲಕಿನಿಂದ ಬಿದ್ದದ. ನೆಳ್ಳು ನೋಡ್ರಿ, ಮಟಮಟ ಮಧ್ಯಾಹ್ನದ್ದು, ಕಾಲ ಬುಡಕ್ಕೇ ಅದ. ಹೊಲ ನೀವು ಎತ್ತರಕ್ಕ ನಿಂತು ತಗದೀರಿ, ಆಕಿನ್ನ ನೆಲದ ಮ್ಯಾಲ ನಿಂತು. ಅದಕ್ಕ ಆಕಿ ಹೊಲದಾಗ ನಿಂತಂಗ ಇಲ್ಲ, ತೇಲಿದಂಗ ಅದಾಳ. ಸೆರಗಿನ ಅಂಚಿಗೆ ಬಿಳೀ ಗೆರಿ ಉಳದದ. ಕೈ ಯಾರದೋ, ಬೆನ್ನು ಯಾರದೋ. ಕೈ ಇಪ್ಪತ್ತು ವರ್ಷದ್ದು, ಬೆನ್ನು ನಲವತ್ತರದ್ದು. ಇಕಿ ಯಾರೂ ಅಲ್ಲ ಸರ್. ನೀವು ಈ ಹೆಣ್ಮಗಳನ್ನ ನೋಡೇ ಇಲ್ಲ. ನೋಡದವರನ್ನ ಫೋಟೋದಾಗ ನಿಂದ್ರಸಾಕ ಹೋದ್ರ ಹಿಂಗ ಆಗ್ತದ."

ಒಂದು ಮಾತೂ ಸುಳ್ಳಾಗಿರಲಿಲ್ಲ. ಆದರೆ ದನಿ? ಆ ದನಿ ತನ್ನದಾಗಿರಲಿಲ್ಲ ಎಂದು ಅವಳಿಗೆ ರಾತ್ರಿ ಊಟ ಮಾಡುವಾಗ ಹೊಳೆಯಿತು.

ಆಮೇಲೆ ಕಾಂತೇಶನಿಂದ ಬಂದದ್ದು ಬರೀ ಫೈಲುಗಳು. ಅದರ ಕೆಳಗೆ "ok". ಪಕ್ಕದ ಕುರ್ಚಿಯ ಉಜ್ವಲಾ ಕೇಳಿಯೇ ಬಿಟ್ಟಳು.

"ಅಕ್ಕಲಕೋಟದವ್ರು ಮಾತು ಬಿಟ್ಟಾರೇನು? ಭಾಳ ದಿನಾತು ನೀ ಫೋನ್ ಕಿವೀಗಿಟ್ಟು ನಕ್ಕಿಲ್ಲ."

"ನಾ ಯಾವಾಗ ನಕ್ಕೀನಿ?"

"ಅಯ್ಯ, ನಗೋದು ನಿನಗೇ ಗೊತ್ತಾಗಂಗಿಲ್ಲ ಬಿಡು."

ಆ ಮೆಸೇಜ್ ಕಳಿಸಿದ ಹದಿನೆಂಟನೆಯ ದಿನ ಪೂರ್ವಾ ರಜೆ ಹಾಕಿದಳು. ತಯಾರಾಗಿದ್ದ ಎರಡು ಅಲ್ಬಮ್ ಪಾರ್ಸಲ್ ಮಾಡದೆ ತಾನೇ ಎತ್ತಿಕೊಂಡು ಅಕ್ಕಲಕೋಟದ ಬಸ್ಸು ಹತ್ತಿದಳು. ಅಂದು ಗುರುವಾರ, ಅಕ್ಕಲಕೋಟದ ಸ್ವಾಮಿಯ ವಾರ ಎಂಬುದು ಬಸ್ಸಿನೊಳಗೆ ನಿಂತ ಮೇಲೆ ನೆನಪಾಯಿತು. ಸ್ವಾಮಿಯ ದರ್ಶನಕ್ಕೆ ಹೊರಟವರ ತೆಂಗಿನಕಾಯಿ ಚೀಲ, ಹೂವಿನ ವಾಸನೆ, ಮಕ್ಕಳ ಅಳು. ಒಂದು ಗಂಟೆಗೂ ಹೆಚ್ಚು ಹೊತ್ತು ಅವಳು ಎಡಗೈಯಲ್ಲಿ ಅಲ್ಬಮ್ ಅವುಚಿಕೊಂಡು ನಿಂತೇ ಬಂದಳು. ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದಳು. ಇಳಿಯುವ ಹೊತ್ತಿಗೆ ಅದೂ ಬೆವರಿನಲ್ಲಿ ಹೋಗಿತ್ತು.

ಸ್ಟುಡಿಯೋ ಸಣ್ಣದು. ಕೌಂಟರಿನ ಹಿಂದೆ ಕೂತವನು ತಲೆ ಎತ್ತಿದ. ನಲವತ್ತರ ಹತ್ತಿರದವನು, ಎರಡು ದಿನದ ಗಡ್ಡ. ಅವನ ಕಣ್ಣ ಕೆಳಗೂ ಸೀಝನ್ ಕಪ್ಪಾಗಿ ಉಳಿದಿತ್ತು.

"ಪಾಸ್‌ಪೋರ್ಟ್ ಸೈಜ್ ಏನ್ರಿ ತಾಯಿ? ಕೂಡ್ರಿ, ಲೈಟ್ ಹಚ್ತೀನಿ."

"ಫೋಟೋ ಅಲ್ರಿ," ಎಂದಳು ಪೂರ್ವಾ. "ಅಲ್ಬಮ್ ತಂದೀನಿ."

ಅವನು ಎದ್ದು ನಿಂತ. ನಿಲ್ಲುವ ಗಡಿಬಿಡಿಯಲ್ಲಿ ಸ್ಟೂಲು ಬಿತ್ತು. ಮುಖ ನೋಡಿದ, ಬೇರೆಡೆ ನೋಡಿದ, ಮತ್ತೆ ನೋಡಿದ. ದನಿಯನ್ನೂ ಮುಖವನ್ನೂ ಜೋಡಿಸಿಕೊಳ್ಳಲು ಅವನಿಗೆ ಒಂದಿಷ್ಟು ಹೊತ್ತು ಬೇಕಾಯಿತು. ಅಷ್ಟು ಹೊತ್ತು ಪೂರ್ವಾ ಹಣೆಯ ಮೇಲಿನ ಬಿಳಿ ಕೂದಲನ್ನು ಹಿಂದೆ ಸರಿಸಬೇಕೆನಿಸಿದರೂ ಸರಿಸಲಿಲ್ಲ.

"ಮೇಡಂ... ನೀವ?"

"ತಾಯಿ ಅಂದ್ರಿ ಈಗ."

"ಅಯ್ಯ, ಗಿರಾಕಿಗೆ ಹಂಗ ಅಂತೀನ್ರಿ!" ಅವನ ಕಿವಿ ಕೆಂಪಾಯಿತು. "ಕೂಡ್ರಿ ಕೂಡ್ರಿ. ನಿಂತ ಬಂದೀರಿ ಕಾಣ್ತದ. ಚಹಾ ತರ್ತೀನಿ. ಎರಡ ಮಿನಿಟ್."

ಅವಳು ಬಾಯಿ ತೆರೆಯುವುದರೊಳಗೆ ಚಪ್ಪಲಿ ಮೆಟ್ಟಿ ಹೊರಗೆ ಓಡಿದ್ದ.

ಪೂರ್ವಾ ಕೂತಳು. ಎದುರಿಗಿದ್ದ ಕಂಪ್ಯೂಟರಿನಲ್ಲಿ ಅದೇ ಚಿತ್ರ ತೆರೆದಿತ್ತು. ಬೆಳಕು ತಿದ್ದಿದ್ದ. ನೆರಳು ಉದ್ದವಾಗಿತ್ತು, ಸೆರಗಿನ ಬಿಳಿ ಗೆರೆ ಹೋಗಿತ್ತು. ಆ ಕೈಯೊಂದನ್ನು ಬಿಟ್ಟು, ಅವಳು ಹೇಳಿದ ಒಂದೊಂದನ್ನೂ ಕೇಳಿ ಕೇಳಿ ಮಾಡಿದಂತಿತ್ತು. ಹನ್ನೆರಡು ವರ್ಷದ ರೂಢಿ, ಅವಳ ಕಣ್ಣು ತಾನಾಗಿಯೇ ಪರದೆಯ ಬಲಕ್ಕೆ, ಚಿತ್ರದ ಒಂದೊಂದು ತುಂಡಿಗೂ ಒಂದೊಂದು ಹೆಸರಿರುವ ಲೇಯರುಗಳ ಪಟ್ಟಿಗೆ ಹೋಯಿತು. ಅವಳಿಗೆ ಮೊದಲು ಬಂದಿದ್ದು ಬರೀ ಚಿತ್ರ. ಲೇಯರುಗಳನ್ನು ಅವಳು ಈಗ ನೋಡುತ್ತಿದ್ದಳು.

ಆಕಾಶ. ಕಬ್ಬು ಒಂದು, ಕಬ್ಬು ಎರಡು. ಅದರ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ: ಪೂರ್ವಾ ಬೆನ್ನು. ಪೂರ್ವಾ ಕೂದಲು. ಪೂರ್ವಾ ಕೈ ಮೂರು. ಪೂರ್ವಾ ಸೆರಗು, ಫೈನಲ್.

ಅವಳು ಒಂದೊಂದನ್ನೇ ಓದಿದಳು. ಎರಡನೇ ಸಲ ಓದುವಾಗ ಕಾಂತೇಶ ಬಾಗಿಲಲ್ಲಿ ನಿಂತಿದ್ದ, ಎರಡೂ ಕೈಯಲ್ಲಿ ಚಹಾದ ಲೋಟ.

"ಕೇಳದ ನನ್ನ ಹೆಸರು ಇಟ್ಟೀರಿ," ಎಂದಳು.

"ಹೌದ್ರಿ." ಲೋಟ ಕೆಳಗಿಟ್ಟ. "ತಪ್ಪಾತು. ಅಳಸ್ತೀನಿ. ಈಗ, ನಿಮ್ಮ ಮುಂದ."

"ನಾ ಹಂಗ ಅಂದದ್ದಕ್ಕ ಮಾತು ಬಿಟ್ರೇನು? ಸಿಟ್ಟು ಬಂದಿತ್ತು?"

"ಸಿಟ್ಟು ಎಲ್ಲಿಂದ್ರಿ? ನಾಚಿಕಿ ಬಂತು." ಅವನು ಬಾಗಿಲ ಚೌಕಟ್ಟಿಗೆ ಒರಗಿದ. "ವಾಟ್ಸಾಪಿನ್ಯಾಗ ನಿಮ್ಮ ಡೀಪಿ ಇಲ್ಲ, ಫೋಟೋ ಇಲ್ಲ. ಆರು ವರ್ಷ ಬರೀ ದನಿ. ದನಿ ಕೇಳಿ ಕೇಳಿ ಒಬ್ಬಾಕಿನ್ನ ಮಾಡಿದೆ. ಅಲ್ಲೊಂದು ಲಗ್ನದಾಗಿಂದ ಬೆನ್ನು ತಂದೆ, ಇಲ್ಲೊಂದು ಸೀಮಂತದಾಗಿಂದ ಕೈ ತಂದೆ. ನೀವು ನೋಡಿದ ಕೂಡ್ಲೆ ತಪ್ಪು ಹಿಡದ್ರಿ. ನೋಡೇ ಇಲ್ಲ ಅಂದ್ರಿ. ಖರೇನೇ ಇತ್ತಲ್ರಿ, ಏನ್ ಉತ್ತರ ಕೊಡ್ಲಿ? ಪ್ರದರ್ಶನಕ್ಕೂ ಕಳಸಲಿಲ್ಲ. ನಿಮ್ಮನ್ನ ಕೇಳದ ಹೆಂಗ ಕಳಸ್ಲಿ?"

ಪೂರ್ವಾ ಮತ್ತೆ ಪರದೆಯ ಕಡೆ ತಿರುಗಿದಳು. ಚಾಚಿದ ಆ ಎಳೆಯ ಕೈ ನೋಡಿದಳು. ಬೆರಳು ಸಪೂರ, ಕೈತುಂಬ ಹಸಿರು ಬಳೆ. ಅದರ ಪಕ್ಕಕ್ಕೆ ತನ್ನ ಬಲಗೈ ಎತ್ತಿ ಹಿಡಿದಳು. ಬೂದು ಬಣ್ಣದ ಪಟ್ಟಿ, ಬೆವರಿನ ಕಲೆ, ಊದಿದ ಮಣಿಕಟ್ಟು.

"ನೋಡ್ರಿ. ಕರೆಕ್ಷನ್ ಭಾಳ ಅದ."

ಕಾಂತೇಶ ನಗಲಿಲ್ಲ. "ಎಷ್ಟ್ ದಿನದಿಂದ?"

"ಎರಡು ತಿಂಗಳು."

"ನಾ ಆ ಎರಡು ತಿಂಗಳದಾಗ ಹದಿನೇಳು ಅಲ್ಬಮ್ಮಿನ ಫೋಟೋ ಕಳಸೀನಿ," ಎಂದ. ತನ್ನ ಮೇಲೆಯೇ ಸಿಟ್ಟಿದ್ದ ಹಾಗಿತ್ತು ಆ ಮಾತು.

ಆಗ ಅವಳು ಬಸ್ಸಿನಲ್ಲಿ ಕಳೆದುಕೊಂಡ ಮಾತು ತಾನಾಗಿ ಬಂತು, ಜೋಡಿಸಿಕೊಂಡಿದ್ದ ಹಾಗಲ್ಲ, ಬೇರೆಯೇ ರೀತಿಯಲ್ಲಿ.

"ನಾ ಹನ್ನೊಂದು ತಿಂಗಳು ಸಂಸಾರ ಮಾಡೀನ್ರಿ. ಭಾಳ ಹಿಂದಿನ ಮಾತು, ಬಿಡುಗಡಿನೂ ಆಗ್ಯದ. ಆ ಮನಿಯಾಗ ದಿನಾ ಮುಂಜಾನೆ ನನ್ನ ತಪ್ಪು ಹೇಳ್ತಿದ್ರು. ಪತ್ತಲ ಹಿಂಗ ಉಟ್ಟಿ, ಜ್ವಾಳದ ಭಕ್ರಿ ಹಿಂಗ ಆಗ್ಯದ, ನಗೋದು ಹಿಂಗ್ಯಾಕ. ಒಂದೂ ಸುಳ್ಳಿರಲಿಲ್ಲೇನೋ. ಆದ್ರ ಆ ದನಿ... ಅವತ್ತು ನಿಮಗ ಅದೇ ದನಿಯಾಗ ಮಾತಾಡಿದೆ. ಅದಕ್ಕ ಬಂದೀನಿ. ಮಾಫ್ ಮಾಡ್ರಿ."

ಹೊರಗೆ ಹೂವಿನವಳು ಯಾರ ಜೊತೆಗೋ ಮರಾಠಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಕಾಂತೇಶ ಬಿದ್ದ ಸ್ಟೂಲನ್ನು ಎತ್ತಿ ಅವಳೆದುರು ಕೂತ.

"ನೀವು ಫೋಟೋದ್ದು ತಪ್ಪು ಹೇಳಿದ್ರಿ, ನಂದಲ್ಲ. ನಂಗ ಆ ಫರಕ ತಿಳೀತದ. ಅದನ್ನ ಇಪ್ಪತ್ ಸಲ ಕೇಳೀನ್ರಿ, ಕೇಳಿ ಕೇಳಿ ನೆಳ್ಳು ತಿದ್ದೀನಿ. ಇಷ್ಟು ಬರೋಬರ್ ನೋಡಿ ನಂಗ ಯಾರೂ ಹೇಳಿಲ್ಲ. ಖರೇ ಅಂದ್ರ, ಬೈಸಿಕೊಂಡಂಗ ಅನಸ್ಲಿಲ್ಲ. ಯಾರೋ ನನ್ನ ಕೆಲಸ ಕಣ್ಣೆತ್ತಿ ನೋಡ್ಯಾರ ಅನಸ್ತು."

ಅವಳು ಲೋಟ ಎತ್ತಿಕೊಂಡಳು. ಬಲಗೈ ನೋಯಿತು. ಎಡಗೈಗೆ ದಾಟಿಸಿಕೊಂಡಳು.

"ಈಗ ನೋಡೀರಲ್ಲ ನನ್ನ. ನೀವೂ ಹೇಳ್ರಿ. ಛಲೋ ಅದ ಅನಬ್ಯಾಡ್ರಿ."

ಅವನು ನೋಡಿದ. ಗಿರಾಕಿಯನ್ನು ನೋಡುವ ಹಾಗೆ, ಗಲ್ಲ ಎತ್ತು, ಕಣ್ಣು ಬಿಡು ಎನ್ನುವ ಹಾಗೆ ನೋಡಲಿಲ್ಲ. ಅವಳ ದಪ್ಪ ಕನ್ನಡಕ, ಹಣೆಯ ಬಿಳಿ ಕೂದಲು, ಬೆವರಿಗೆ ಅಂಟಿದ ಕುಂಕುಮದ ಅಂಚು, ಎಲ್ಲದರ ಮೇಲೂ ಅವನ ಕಣ್ಣು ಅವಸರವಿಲ್ಲದೆ ಹೋಗಿ ಬಂತು. ಪೂರ್ವಾಗೆ ತಲೆ ತಗ್ಗಿಸಬೇಕೆನಿಸಿತು. ತಗ್ಗಿಸಲಿಲ್ಲ.

"ದಣದೀರಿ," ಎಂದ.

ಅಷ್ಟೇ. ಎಷ್ಟೋ ವರ್ಷಗಳಿಂದ ಅವಳಿಗೆ ಯಾರೂ ಆಡದ ಮಾತು. ಮನೆಯಲ್ಲಿ ಅಪ್ಪ ದಾಮೋದರ, ಯಾಕ ಇಷ್ಟು ಲೇಟು ಎನ್ನುತ್ತಿದ್ದರು. ಲ್ಯಾಬಿನಲ್ಲಿ, ಯಾವಾಗ ಮುಗೀತದ ಎನ್ನುತ್ತಿದ್ದರು. ಪೂರ್ವಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಗಾಜು ಎಂದೋ ಸ್ವಚ್ಛವಾಗಿತ್ತು.

"ಒಳಗ ಸೋಫಾ ಅದ," ಎಂದ ಕಾಂತೇಶ ಮೆಲ್ಲಗೆ. "ಫ್ಯಾನ್ ಅದ. ಜರಾ ಮಕ್ಕೋರಿ. ನಾ ಹೊರಗ ಕೂಡ್ತೀನಿ."

"ಗಿರಾಕಿ ಬರ್ತಾರ. ಗುರುವಾರ ಇವತ್ತು."

"ಬರ್ಲಿ. ನಾಳಿಗಿ ಬರ್ರಿ ಅಂತೀನಿ."

ಬೇಡ ಎನ್ನಲು ಅವಳಲ್ಲಿ ಬಲವೇ ಇರಲಿಲ್ಲ. ಹಿನ್ನೆಲೆಯ ನೀಲಿ ಪರದೆ ಕಟ್ಟಿದ ಕೋಣೆಯಲ್ಲಿ, ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುವ ಆ ಸಣ್ಣ ಸೋಫಾದ ಮೇಲೆ ಕಾಲು ಮಡಿಚಿ ಒರಗಿದಳು. ಹೊರಗೆ ಶಟರ್ ಅರ್ಧ ಇಳಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ.

ಎದ್ದಾಗ ಐದು ಗಂಟೆ ಆಗಿತ್ತು. ತನ್ನ ಮೇಲೆ ಒಂದು ಚಾದರ ಇತ್ತು. ಹೊದಿಸಿದ್ದು ತಿಳಿದಿರಲಿಲ್ಲ. ಅರ್ಧ ಶಟರಿನ ಕೆಳಗೆ ಮೆಟ್ಟಿಲ ಮೇಲೆ ಕೂತ ಕಾಂತೇಶನ ಬೆನ್ನು ಕಾಣುತ್ತಿತ್ತು. ಯಾರಿಗೋ ಹೇಳುತ್ತಿದ್ದ: "ಇಲ್ರಿ ಕಾಕಾ, ಇವತ್ತು ಕ್ಯಾಮೆರಾ ಬಂದ್."

ಪೂರ್ವಾ ಬಾಗಿ ಶಟರಿನಡಿ ಬಂದು ಅದೇ ಮೆಟ್ಟಿಲ ಮೇಲೆ ಕೂತಳು, ಒಂದು ಗೇಣು ಅಂತರ ಬಿಟ್ಟು. ಅವನು ತಿರುಗಿ ನೋಡಿದ. ಅವಳ ಕೆನ್ನೆಯ ಮೇಲೆ ಸೋಫಾದ ಗೆರೆ ಮೂಡಿತ್ತು. ಅವನ ತುಟಿಯಂಚಿಗೆ ನಗು ಬಂತು.

"ಫೋಟೋ ತಗದ್ರೇನು, ನಾ ಮಕ್ಕೊಂಡಾಗ?"

"ಇಲ್ಲ. ಕೇಳದ ಒಮ್ಮೆ ಮಾಡೀನಿ, ಸಾಕು." ಅಂಗೈಯನ್ನು ಮೊಳಕಾಲಿಗೆ ಒರೆಸಿಕೊಂಡ. "ಈಗ ಕೇಳೇ ಮಾಡ್ತೀನಿ. ಒಂದು ಕೇಳ್ಲಿ?"

"ಕೇಳ್ರಿ."

"ಲಗ್ನ ಆಗೋಣೇನ್ರಿ?"

ರಸ್ತೆಯಲ್ಲಿ ಒಂದು ರಿಕ್ಷಾ ಹಾರನ್ ಹೊಡೆಯುತ್ತ ಹೋಯಿತು. ಧೂಳು ಎದ್ದಿತು. ಪೂರ್ವಾ ಹೆದರಿಕೆ ಬರಬಹುದೆಂದು ಕಾದಳು. ಹನ್ನೊಂದು ತಿಂಗಳ ಆ ಮನೆ ಕಣ್ಣ ಮುಂದೆ ಬರಬಹುದೆಂದು ಕಾದಳು. ಬಂದದ್ದು ಹಸಿವು.

"ಮನಿಯಾಗ ಯಾರ್ ಯಾರ ಅದಾರ?"

"ಅವ್ವ ಒಬ್ಬಾಕಿ ಅದಾಳ. ಗುರಮ್ಮ. ನಿಮ್ಮ ದನಿ ಆಕೀಗೂ ಗೊತ್ತದ. ಯಾರದು, ಛಂದ ಮಾತಾಡ್ತಾಳ ಅಂತಿರ್ತಾಳ."

"ಮುಖ ನೋಡಿದ್ರ?"

"ಉಣ್ಣಾಕ ಕೂಡಸ್ತಾಳ. ಎಲ್ಲಾರ ಮುಖ ನೋಡಿದ್ರೂ ಆಕಿ ಮಾಡೋದು ಅದೇ."

ಪೂರ್ವಾ ನಕ್ಕಳು. ಈ ಸಲ ಅವಳಿಗೇ ಗೊತ್ತಾಯಿತು. ಪಟ್ಟಿ ಕಟ್ಟಿದ ಕೈಯನ್ನು ಇಬ್ಬರ ನಡುವಿನ ಆ ಗೇಣು ಜಾಗದಲ್ಲಿ ಮೆಟ್ಟಿಲ ಮೇಲಿಟ್ಟಳು. ಅವನು ಅದನ್ನು ಹಿಡಿಯಲಿಲ್ಲ. ನೋವಾದೀತೆಂದು ತನ್ನ ಅಂಗೈಯನ್ನು ಅದರ ಕೆಳಗೆ ಸರಿಸಿದ, ದಿಂಬಿನ ಹಾಗೆ.

"ಹೂಂ," ಎಂದಳು. "ಆದ್ರ ಗಡಿಬಿಡಿ ಮಾಡಬ್ಯಾಡ್ರಿ. ಸೀಝನ್ ಈಗ ಮುಗದದ. ಮದಲ ನಾಲ್ಕು ದಿನ ಮಕ್ಕೋತೀನಿ."

"ಮಕ್ಕೋರಿ," ಎಂದ ಕಾಂತೇಶ. "ನಾ ಎಲ್ಲಿ ಹೋಗಾಂವ?"